ಬೆಟ್ಟದ ಮೇಲೆ ಬಾಡಿಗೆ ಮನೆ, ನಮ್ಮದೇ ಅಡುಗೆ: ಕೂನೂರಿನ ಐದು ದಿನಕ್ಕೆ ಏನೇನು ಕಟ್ಟಿಕೊಳ್ಳಬೇಕು

ಬೇಸಿಗೆ ರಜೆ ಬಂದರೆ ನಾವು ಮೈಸೂರಿನಿಂದ ನೀಲಗಿರಿ ಬೆಟ್ಟದ ಕೂನೂರಿಗೆ ಹೋಗುತ್ತೇವೆ. ಇಳಿದುಕೊಳ್ಳುವುದು ಹೋಟೆಲ್‌ನಲ್ಲಲ್ಲ, ಅಡುಗೆಮನೆ ಇರುವ ಬಾಡಿಗೆ ಮನೆಯಲ್ಲಿ. ಒಟ್ಟು ಆರು ಜನ: ನಾನು, ನಮ್ಮ ಮನೆಯವರು, ಅತ್ತೆ, ಮಾವ, ಇಬ್ಬರು ಮಕ್ಕಳು. ಮಾವನವರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಚಿಕ್ಕವನಿಗೆ ಹೋಟೆಲ್ ಖಾರ ಆಗುವುದಿಲ್ಲ. ಅದಕ್ಕೇ ನಮ್ಮದೇ ಅಡುಗೆ.

ಮೊದಲ ವರ್ಷ ನಾನು ಮನೆಯ ಸ್ಟೋರ್ ರೂಮನ್ನೇ ಕಾರಿಗೆ ತುಂಬಿಕೊಂಡು ಹೋಗಿದ್ದೆ. ಬೇಳೆ, ಕಾಳು, ತರಕಾರಿ, ತೆಂಗಿನಕಾಯಿ, ಎಲ್ಲವೂ ಇತ್ತು. ಆದರೆ ಎಲ್ಲವೂ ಹಸಿಯಾಗಿತ್ತು. ಐದು ದಿನದಲ್ಲಿ ನಾನು ಮತ್ತು ಅತ್ತೆಯವರು ಅಡುಗೆಮನೆಯಿಂದ ಹೊರಗೆ ಬಂದಿದ್ದೇ ಕಡಿಮೆ. ಎದುರಿಗೆ ಟೀ ತೋಟ, ಮೇಲೆ ಮಂಜು. ನಾವಿಬ್ಬರೂ ಒಳಗೆ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದೆವು. ಕೊನೆಯ ದಿನ ಅತ್ತೆಯವರು, "ನನಗೆ ಮನೇಲೇ ಇದ್ದ ಹಾಗಾಯ್ತಮ್ಮ" ಅಂದರು. ಅವರು ಬೇಜಾರಿನಿಂದ ಹೇಳಲಿಲ್ಲ. ನನಗೆ ಮಾತ್ರ ಆ ಮಾತು ಚುಚ್ಚಿತು.

ಆಮೇಲಿಂದ ನಾನು ಸಾಮಾನು ಕಟ್ಟುವ ರೀತಿಯನ್ನೇ ಬದಲಾಯಿಸಿದೆ. ಅಡುಗೆ ಮಾಡುವವರಿಗೂ ರಜೆ ಸಿಗಬೇಕು. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಈ ಕೆಳಗಿನ ಒಂದೊಂದು ಹೆಜ್ಜೆಯನ್ನೂ ಬರೆದಿದ್ದೇನೆ.

1. ಚೀಲ ತೆಗೆಯುವ ಮೊದಲು ಒಂದು ಫೋನ್ ಮಾಡಿ

"ಅಡುಗೆಮನೆ ಇದೆ" ಅನ್ನುವ ಮಾತನ್ನು ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಹೇಳುತ್ತಾರೆ. ಕೆಲವು ಕಡೆ ನಾಲ್ಕು ಬರ್ನರ್, ಫ್ರಿಜ್, ಮಿಕ್ಸಿ ಎಲ್ಲ ಇರುತ್ತದೆ. ಕೆಲವು ಕಡೆ ಒಂದು ಇಂಡಕ್ಷನ್ ಒಲೆ ಮತ್ತು ಎರಡು ಪಾತ್ರೆ ಇರುತ್ತದೆ, ಅಷ್ಟೇ. ಹೊರಡುವುದಕ್ಕೆ ಒಂದು ವಾರ ಮೊದಲೇ ಮನೆ ನೋಡಿಕೊಳ್ಳುವವರಿಗೆ ಫೋನ್ ಮಾಡಿ. ಅಡುಗೆಮನೆಯ ಫೋಟೋ ವಾಟ್ಸಾಪ್ ಮಾಡಲು ಹೇಳಿ. ಕಪಾಟಿನ ಬಾಗಿಲು ತೆಗೆದು ತೆಗೆದ ಫೋಟೋ ಬೇಕು ಅನ್ನಿ. ಹೀಗೆ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಗ್ಯಾಸ್ ಒಲೆಯೋ ಇಂಡಕ್ಷನ್ನೋ ಕೇಳಿ. ಗ್ಯಾಸ್ ಆದರೆ ಎಷ್ಟು ಬರ್ನರ್, ಇನ್ನೊಂದು ಸಿಲಿಂಡರ್ ಇದೆಯಾ ಅಂತ ತಿಳಿದುಕೊಳ್ಳಿ. ಇಂಡಕ್ಷನ್ ಆದರೆ ನಿಮ್ಮ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕಾಯುವುದೇ ಇಲ್ಲ. ತಳ ಚಪ್ಪಟೆ ಇರುವ, ಆಯಸ್ಕಾಂತ ಅಂಟುವ ಪಾತ್ರೆಯೇ ಬೇಕು. ಫ್ರಿಜ್‌ನಿಂದ ಒಂದು ಆಯಸ್ಕಾಂತದ ಬಿಲ್ಲೆ ತೆಗೆದು ಕುಕ್ಕರ್ ತಳಕ್ಕೆ ಹಿಡಿದು ನೋಡಿ, ಗೊತ್ತಾಗುತ್ತದೆ. ನೀವೇ ಇಂಡಕ್ಷನ್ ಒಲೆ ಒಯ್ಯುವುದಾದರೆ ಅಡುಗೆಮನೆಯಲ್ಲಿ ದೊಡ್ಡ ಪಿನ್ನಿನ ಪವರ್ ಪ್ಲಗ್ ಇದೆಯಾ ಅಂತಲೂ ಕೇಳಿ. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಪ್ಲಗ್‌ಗೆ ಹಾಕಿದರೆ ವೈರು ಸುಡುತ್ತದೆ.

ಜೊತೆಗೆ ಇನ್ನೂ ನಾಲ್ಕು ಪ್ರಶ್ನೆ ಕೇಳಿ. ಕುಡಿಯುವ ನೀರಿನ ಕ್ಯಾನ್ ಕೊಡುತ್ತಾರಾ? ಕರೆಂಟ್ ಹೋದರೆ ಏನು ವ್ಯವಸ್ಥೆ? ಹಾಲು ಎಲ್ಲಿ ಸಿಗುತ್ತದೆ, ಎಷ್ಟು ಹೊತ್ತಿಗೆ? ಪಾತ್ರೆ ತೊಳೆಯುವವರು ಬರುತ್ತಾರಾ? ಕೊನೆಯದನ್ನು ಮರೆಯಬೇಡಿ. ದಿನಕ್ಕೆ ಸ್ವಲ್ಪ ದುಡ್ಡು ಕೊಟ್ಟರೆ ಹತ್ತಿರದವರು ಯಾರಾದರೂ ಬರಬಹುದು. ಹೋಟೆಲ್ ಊಟಕ್ಕೆ ಕೊಡುವ ದುಡ್ಡು ಉಳಿಯುತ್ತದಲ್ವಾ, ಅದರಲ್ಲಿ ಒಂದು ಪಾಲು ಇದಕ್ಕೆ ಹೋಗಲಿ.

2. ಸಾಮಾನಿನ ಪಟ್ಟಿಗಿಂತ ಮೊದಲು ಊಟದ ಪಟ್ಟಿ

ಒಂದು ಹಾಳೆ ತೆಗೆದುಕೊಂಡು ಹೊತ್ತು ಹೊತ್ತಿಗೆ ಏನು ಊಟ ಅಂತ ಬರೆಯಿರಿ. ಎಷ್ಟು ಅಕ್ಕಿ, ಯಾವ ಪಾತ್ರೆ ಅನ್ನುವುದೆಲ್ಲ ಆ ಹಾಳೆಯಿಂದಲೇ ಬರುತ್ತದೆ. ನಾಲ್ಕು ರಾತ್ರಿಗೆ ನಮ್ಮ ಹಾಳೆ ಹೀಗಿರುತ್ತದೆ.

ಮೊದಲ ದಿನ ಸಂಜೆ ತಲುಪುತ್ತೇವೆ. ರಾತ್ರಿಗೆ ಪುಳಿಯೋಗರೆ, ಮೊಸರನ್ನ. ಅನ್ನ ಒಂದೇ ಮಾಡಬೇಕು. ಎರಡನೇ ದಿನ ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಹೊರಗೆ, ರಾತ್ರಿ ತಿಳಿಸಾರು, ಕ್ಯಾರೆಟ್ ಪಲ್ಯ, ಹಪ್ಪಳ. ಮೂರನೇ ದಿನ ಎಲ್ಲೂ ಹೋಗುವುದಿಲ್ಲ. ಬೆಳಿಗ್ಗೆ ಒಗ್ಗರಣೆ ಅವಲಕ್ಕಿ, ಮಧ್ಯಾಹ್ನ ಬಿಸಿಬೇಳೆಬಾತ್, ರಾತ್ರಿ ಚಪಾತಿ, ಸಾಗು. ನಾಲ್ಕನೇ ದಿನ ಬೆಳಿಗ್ಗೆ ಬ್ರೆಡ್, ಬೇಯಿಸಿದ ಮೊಟ್ಟೆ, ಮಧ್ಯಾಹ್ನ ಹೊರಗೆ, ರಾತ್ರಿ ಮುದ್ದೆ, ಸೊಪ್ಪಿನ ಸಾರು. ಐದನೇ ದಿನ ಬೆಳಿಗ್ಗೆ ಶಾವಿಗೆ ಉಪ್ಪಿಟ್ಟು ತಿಂದು ಹೊರಡುವುದು.

ನೋಡಿ, ಎರಡು ಮಧ್ಯಾಹ್ನ ಹೊರಗೆ ತಿನ್ನುತ್ತೇವೆ. ಅದನ್ನು ಮೊದಲೇ ಬರೆದಿಡಬೇಕು. ಇಲ್ಲದಿದ್ದರೆ ಆ ಎರಡು ಹೊತ್ತಿಗೂ ಸಾಮಾನು ಹೊತ್ತುಕೊಂಡು ಹೋಗಿ, ಹಾಗೇ ವಾಪಸ್ ತರುತ್ತೀರಿ. ಇನ್ನೊಂದು ವಿಷಯ, ಯಾವ ಹೊತ್ತಿಗೂ ಎರಡಕ್ಕಿಂತ ಜಾಸ್ತಿ ಪಾತ್ರೆ ಒಲೆ ಮೇಲೆ ಏರಬಾರದು. ಸಾರು, ಪಲ್ಯ, ಕೋಸಂಬರಿ, ಗೊಜ್ಜು ಅಂತ ಮನೆಯ ಹಬ್ಬದೂಟ ಅಲ್ಲಿ ಬೇಡ.

ಪ್ರತಿ ಊಟದ ಪಕ್ಕದಲ್ಲಿ ಯಾರು ಮಾಡುವುದು ಅಂತ ಒಂದು ಹೆಸರು ಬರೆಯಿರಿ. ಬ್ರೆಡ್, ಮೊಟ್ಟೆ ನಮ್ಮ ಮನೆಯವರದು. ಅವಲಕ್ಕಿ ದೊಡ್ಡ ಮಗಳದು, ಅವಳಿಗೆ ಈಗ 13 ವರ್ಷ. ಮಾವನವರು ತರಕಾರಿ ಹೆಚ್ಚಿಕೊಡುತ್ತಾರೆ. ಮನೆಯಲ್ಲಿ ಕೂತು ಹೆಸರು ಬರೆದಿದ್ದರಿಂದ ಅಲ್ಲಿ ಹೋದ ಮೇಲೆ ಯಾರನ್ನೂ ಕೇಳಬೇಕಾಗಿ ಬರಲಿಲ್ಲ.

3. ಅಳತೆ

ಆರು ಜನ, ನಾಲ್ಕು ರಾತ್ರಿ, ಮೇಲಿನ ಊಟಗಳಿಗೆ ನಾನು ಒಯ್ಯುವ ಲೆಕ್ಕ ಇದು. ನಿಮ್ಮ ಮನೆಯಲ್ಲಿ ಊಟ ಜಾಸ್ತಿ ಮಾಡುವವರಿದ್ದರೆ ಸ್ವಲ್ಪ ಏರಿಸಿಕೊಳ್ಳಿ.

- ಅಕ್ಕಿ 2 ಕೆಜಿ (ಒಬ್ಬರಿಗೆ ಒಂದು ಹೊತ್ತಿಗೆ ಸುಮಾರು 75 ಗ್ರಾಂ ಲೆಕ್ಕ, ಮೇಲೆ ಸ್ವಲ್ಪ)
- ತೊಗರಿಬೇಳೆ 750 ಗ್ರಾಂ, ಹೆಸರುಬೇಳೆ ಕಾಲು ಕೆಜಿ
- ರವೆ ಅರ್ಧ ಕೆಜಿ, ಗಟ್ಟಿ ಅವಲಕ್ಕಿ ಅರ್ಧ ಕೆಜಿ, ಶಾವಿಗೆ ಅರ್ಧ ಕೆಜಿ
- ಗೋಧಿ ಹಿಟ್ಟು 1 ಕೆಜಿ, ರಾಗಿ ಹಿಟ್ಟು ಅರ್ಧ ಕೆಜಿ
- ಅಡುಗೆ ಎಣ್ಣೆ ಮುಕ್ಕಾಲು ಲೀಟರ್, ತುಪ್ಪ 200 ಗ್ರಾಂ
- ಸಕ್ಕರೆ ಮುಕ್ಕಾಲು ಕೆಜಿ, ಉಪ್ಪು ಕಾಲು ಕೆಜಿ, ಬೆಲ್ಲ 100 ಗ್ರಾಂ, ಹುಣಸೆಹಣ್ಣು 100 ಗ್ರಾಂ
- ಕಾಫಿಪುಡಿ 300 ಗ್ರಾಂ (ನಾಲ್ಕು ಜನಕ್ಕೆ ದಿನಕ್ಕೆ ಎರಡು ಲೋಟ)

ಹೆಸರುಬೇಳೆ ಯಾವ ಊಟದ ಹಾಳೆಯಲ್ಲೂ ಇಲ್ಲ, ಗಮನಿಸಿದಿರಾ? ಅದು ಆಪತ್ತಿಗೆ. ಯಾರಿಗಾದರೂ ಹೊಟ್ಟೆ ಕೆಟ್ಟರೆ, ಮಳೆ ಬಂದು ಹೊರಗೆ ಹೋಗಲಾಗದಿದ್ದರೆ, ಅಕ್ಕಿ ಜೊತೆ ಸೇರಿಸಿ ಒಂದು ಪೊಂಗಲ್ ಆಗುತ್ತದೆ.

ತರಕಾರಿ ಮಾತ್ರ ಮನೆಯಿಂದ ಹೊರಬೇಡಿ. ಕ್ಯಾರೆಟ್, ಬೀಟ್‌ರೂಟ್, ಆಲೂಗಡ್ಡೆ, ಕೋಸು, ಬೀನ್ಸ್, ನವಿಲುಕೋಸು ಎಲ್ಲ ನೀಲಗಿರಿಯಲ್ಲೇ ಬೆಳೆಯುತ್ತದೆ. ಸೊಪ್ಪಿನ ಸಮೇತ ಕಟ್ಟಿಟ್ಟ ಕ್ಯಾರೆಟ್ ಕೊಂಡು, ತೊಳೆದು, ಮಕ್ಕಳ ಕೈಗೆ ಹಾಗೇ ಕೊಡಿ. ಹಾಲು, ಮೊಸರೂ ಅಲ್ಲೇ ತೆಗೆದುಕೊಳ್ಳಿ. ನಮ್ಮ ನಂದಿನಿಯ ಹಾಗೆ ಅಲ್ಲಿ ಆವಿನ್. ನೀಲಿ ಪ್ಯಾಕೆಟ್ ತೆಳು ಹಾಲು, ಹಸಿರು ಅದಕ್ಕಿಂತ ಗಟ್ಟಿ, ಕಿತ್ತಳೆ ಬಣ್ಣದ್ದು ಪೂರ್ತಿ ಕೆನೆ ಇರುವುದು. ಕಾಫಿಗೆ ನಾವು ಕಿತ್ತಳೆ ತರುತ್ತೇವೆ.

ನಿಂಬೆಹಣ್ಣು, ಹಸಿಮೆಣಸಿನಕಾಯಿ, ಕರಿಬೇವು, ಶುಂಠಿ ಇಷ್ಟನ್ನು ಮಾತ್ರ ಮನೆಯಿಂದ ಒಯ್ಯಿರಿ. ತಲುಪಿದ ರಾತ್ರಿ ಅಂಗಡಿ ಹುಡುಕಿಕೊಂಡು ಹೋಗಲು ಆಗುವುದಿಲ್ಲ.

4. ಅರ್ಧ ಅಡುಗೆ ಮನೆಯಲ್ಲೇ ಮುಗಿಸಿ

ಹೊರಡುವ ಹಿಂದಿನ ಎರಡು ಸಂಜೆ ಈ ಕೆಲಸಕ್ಕೆ ಇಡಿ. ಅಲ್ಲಿಯ ಐದು ದಿನವೂ ಹಗುರಾಗುತ್ತದೆ.

ಉಪ್ಪಿಟ್ಟಿನ ರವೆಯನ್ನು ಒಗ್ಗರಣೆ ಸಮೇತ ಹುರಿದುಕೊಳ್ಳಿ. ಬಾಣಲೆಯಲ್ಲಿ ನಾಲ್ಕು ಚಮಚ ಎಣ್ಣೆ ಕಾಯಿಸಿ. ಸಾಸಿವೆ ಚಟಪಟ ಅಂದ ಮೇಲೆ ಕಡಲೆಬೇಳೆ, ಉದ್ದಿನಬೇಳೆ, ಮುರಿದ ಒಣಮೆಣಸಿನಕಾಯಿ ಹಾಕಿ. ಕರಿಬೇವನ್ನು ಒದ್ದೆ ಇಲ್ಲದ ಹಾಗೆ ಒರೆಸಿ ಹಾಕಿ, ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಗರಿಗರಿ ಆಗಬೇಕು. ಅದರಲ್ಲಿ ಹಸಿ ಅಂಶ ಉಳಿದರೆ ಡಬ್ಬಿಯಲ್ಲಿ ಬೂಸಲು ಬರುತ್ತದೆ. ಆಮೇಲೆ ರವೆ ಹಾಕಿ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿಯಿರಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಅಲ್ಲಿ ಬೆಳಿಗ್ಗೆ ಒಂದು ಅಳತೆ ರವೆಗೆ ಎರಡೂವರೆ ಅಳತೆ ನೀರು ಕುದಿಸಿ, ಉಪ್ಪು ಹಾಕಿ, ರವೆ ಸುರಿದು ಮುಚ್ಚಿದರೆ ಮುಗಿಯಿತು. ಹತ್ತೇ ನಿಮಿಷ. ಡಬ್ಬಿಯ ಮೇಲೆ ಈ ಅಳತೆಯನ್ನು ಚೀಟಿ ಬರೆದು ಅಂಟಿಸಿ. ಆಗ ಅಡುಗೆ ಬಾರದವರೂ ಮಾಡಬಹುದು.

ಪುಳಿಯೋಗರೆ ಗೊಜ್ಜನ್ನು ಎಣ್ಣೆ ಬಿಡುವವರೆಗೆ ಕುದಿಸಿ. ನೀರು ಉಳಿದರೆ ಕೆಡುತ್ತದೆ. ಸಾರಿನಪುಡಿ, ಬಿಸಿಬೇಳೆಬಾತ್ ಪುಡಿ, ಚಟ್ನಿಪುಡಿ ಮೂರನ್ನೂ ಸಣ್ಣ ಡಬ್ಬಿಗಳಿಗೆ ಹಾಕಿ. ದೊಡ್ಡ ಡಬ್ಬಿ ಹಾಗೇ ಎತ್ತಿಕೊಂಡು ಹೋಗಬೇಡಿ. ಬಿಸಿಬೇಳೆಬಾತ್‌ಗೆ ಹಸಿ ತೆಂಗಿನಕಾಯಿಯ ಬದಲು ತುರಿದ ಒಣಕೊಬ್ಬರಿ ಇಟ್ಟುಕೊಳ್ಳಿ. ಆಗ ತುರಿಯುವ ಮಣೆಯೂ ಬೇಡ, ಮಿಕ್ಸಿಯೂ ಬೇಡ. ಬೆಳ್ಳುಳ್ಳಿ ಬಿಡಿಸಿಡಿ. ಹಸಿಮೆಣಸಿನಕಾಯಿಯ ತೊಟ್ಟು ತೆಗೆದು ಪೇಪರಿನಲ್ಲಿ ಸುತ್ತಿಡಿ.

ಒಗ್ಗರಣೆ ಡಬ್ಬಿಯನ್ನು ಮಾತ್ರ ಇದ್ದ ಹಾಗೇ ಒಯ್ಯಿರಿ. ಸಾಸಿವೆ, ಜೀರಿಗೆ, ಮೆಂತ್ಯ, ಅರಿಶಿನ, ಮೆಣಸು ಎಲ್ಲ ಒಂದೇ ಕಡೆ ಇರುತ್ತದೆ. ಮುಚ್ಚಳದ ಕೆಳಗೆ ಒಂದು ದಪ್ಪ ಪೇಪರ್ ಕತ್ತರಿಸಿ ಒತ್ತಿ ಮುಚ್ಚಿ, ಘಾಟಿಯ ತಿರುವುಗಳಲ್ಲಿ ಸಾಸಿವೆ ಹೋಗಿ ಜೀರಿಗೆಗೆ ಬೆರೆಯುವುದಿಲ್ಲ. ಹಿಂಗಿನ ಡಬ್ಬಿ ಬೇರೆ ಇರಲಿ.

5. ಬೆಟ್ಟದಲ್ಲಿ ಅಡುಗೆ ಬೇರೆ ಥರ ನಡೆಯುತ್ತದೆ

ಕೂನೂರು ಸಮುದ್ರ ಮಟ್ಟದಿಂದ ಸುಮಾರು 1,850 ಮೀಟರ್ ಎತ್ತರದಲ್ಲಿದೆ. ಊಟಿ ಸುಮಾರು 2,240 ಮೀಟರ್. ಮೈಸೂರಿನಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕುದಿಯುತ್ತದೆ. ಕೂನೂರಿನಲ್ಲಿ ಸುಮಾರು 94ಕ್ಕೇ ಕುದಿ ಬರುತ್ತದೆ, ಊಟಿಯಲ್ಲಿ 93ರ ಹತ್ತಿರ. ಅಂದರೆ ನೀರು ಕೊತಕೊತ ಕುದಿಯುತ್ತಿದ್ದರೂ ಬಿಸಿ ಕಡಿಮೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟರೆ ಗ್ಯಾಸ್ ಉರಿಯುತ್ತಲೇ ಇರುತ್ತದೆ, ಬೇಳೆ ಬೇಯುವುದಿಲ್ಲ. ಕುಕ್ಕರ್ ಬೇಕೇ ಬೇಕು. ಕುಕ್ಕರಿನಲ್ಲೂ ಮನೆಗಿಂತ ಒಂದೆರಡು ಕೂಗು ಜಾಸ್ತಿ ಹಾಕಿಸಿ. ಬೇಳೆಯನ್ನು ಅರ್ಧ ಗಂಟೆ ನೆನೆಸಿದರೆ ಇನ್ನೂ ಒಳ್ಳೆಯದು.

ಚಳಿಗೆ ಹಿಟ್ಟು ಹುಳಿ ಬರುವುದಿಲ್ಲ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆಯೂ ಹಾಗೇ ಇರುತ್ತದೆ. ಹಾಗಂತ ಮನೆಯಿಂದಲೇ ಹುಳಿ ಬಂದ ಹಿಟ್ಟು ಒಯ್ಯೋಣ ಅಂದುಕೊಳ್ಳಬೇಡಿ. ನಾನು ಒಮ್ಮೆ ಒಯ್ದಿದ್ದೆ. ಗೂಡಲೂರು ದಾಟಿ ಮೇಲೆ ಹತ್ತುವಾಗ ಡಿಕ್ಕಿಯಿಂದ ಹುಳಿ ವಾಸನೆ ಬಂತು. ನಿಲ್ಲಿಸಿ ನೋಡಿದರೆ ಸ್ಟೀಲ್ ಡಬ್ಬಿಯ ಮುಚ್ಚಳ ಮೇಲೆದ್ದಿತ್ತು, ಹಿಟ್ಟು ಮಕ್ಕಳ ಸ್ವೆಟರ್ ಚೀಲದ ಮೇಲೆಲ್ಲ ಇಳಿದಿತ್ತು. ಮೊದಲೇ ಉಬ್ಬುವ ಹಿಟ್ಟು, ಕಾರಿನ ಸೆಕೆ ಬೇರೆ, ಮೇಲೆ ಹೋದ ಹಾಗೆ ಹೊರಗಿನ ಗಾಳಿಯ ಒತ್ತಡವೂ ಕಡಿಮೆ. ಸ್ವೆಟರ್ ಒಗೆದು ಹಾಕಿದೆವು. ಆ ಮಂಜಿನಲ್ಲಿ ಅದು ಹೊರಡುವವರೆಗೂ ಒಣಗಲಿಲ್ಲ. ದೋಸೆ ಬೇಕೆಂದರೆ ರವೆ ದೋಸೆಯಂಥ ದಿಢೀರ್ ದೋಸೆ ಮಾಡಿಕೊಳ್ಳಿ.

ಮನೆಯಲ್ಲಿ ಪ್ಯಾಕ್ ಮಾಡಿದ ಚಿಪ್ಸ್ ಪೊಟ್ಟಣಗಳೂ ಇದೇ ಕಾರಣಕ್ಕೆ ಬೆಲೂನಿನ ಹಾಗೆ ಉಬ್ಬುತ್ತವೆ. ಅವು ಕೆಟ್ಟಿರುವುದಿಲ್ಲ, ಹೆದರಬೇಡಿ. ಉಪ್ಪಿನಕಾಯಿ ಬಾಟಲಿಯ ಮುಚ್ಚಳದಿಂದ ಮಾತ್ರ ಎಣ್ಣೆ ಹೊರಗೆ ಬರುತ್ತದೆ. ಕುತ್ತಿಗೆಯವರೆಗೆ ತುಂಬಬೇಡಿ, ಬಾಟಲಿಯನ್ನು ಒಂದು ಲೋಟದೊಳಗೆ ನಿಲ್ಲಿಸಿ ಬಟ್ಟೆ ಸುತ್ತಿ.

ತೆಂಗಿನ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ತಲೆಗೆ ಹಚ್ಚುವ ಎಣ್ಣೆಯನ್ನು ಸಣ್ಣ ಬಾಯಿಯ ಬಾಟಲಿಯಲ್ಲಿ ಒಯ್ದರೆ ಹೊರಗೆ ಬರುವುದಿಲ್ಲ. ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ. ಮೊಸರಿಗೆ ಹೆಪ್ಪು ಹಾಕುವ ಗೋಜಿಗೂ ಹೋಗಬೇಡಿ, ಅದು ಅಲ್ಲಿ ಹೆಪ್ಪುಗಟ್ಟುವುದು ಕಷ್ಟ.

6. ಪಾತ್ರೆ ಪಗಡೆ

ಆ ಮನೆಯಲ್ಲಿ ಎಲ್ಲ ಇದೆ ಅಂತ ಹೇಳಿದರೂ ಐದು ಲೀಟರಿನ ನಮ್ಮ ಕುಕ್ಕರನ್ನು ನಾನು ಬಿಟ್ಟು ಹೋಗುವುದಿಲ್ಲ. ಬಾಡಿಗೆ ಮನೆಗಳ ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾಗಿರುವುದೇ ಜಾಸ್ತಿ. ಕೂಗು ಬರುವ ಬದಲು ಸುತ್ತಲೂ ಹಬೆ ಹೋಗುತ್ತಿರುತ್ತದೆ. ಒಂದು ಕಂಪನಿಯ ಗ್ಯಾಸ್ಕೆಟ್ ಇನ್ನೊಂದಕ್ಕೆ ಕೂರುವುದಿಲ್ಲ. ನಿಮ್ಮ ಕುಕ್ಕರ್ ಜೊತೆ ಒಂದು ಹೊಸ ಗ್ಯಾಸ್ಕೆಟ್ ಇಟ್ಟುಕೊಳ್ಳಿ. ಕುಕ್ಕರಿನ ಹೊಟ್ಟೆ ಖಾಲಿ ಬಿಡಬೇಡಿ, ಅದರೊಳಗೆ ಪುಡಿ ಡಬ್ಬಿಗಳನ್ನೆಲ್ಲ ಜೋಡಿಸಬಹುದು.

ಇದರ ಜೊತೆಗೆ ಹರಿತವಾದ ಒಂದು ಚಾಕು, ಸಿಪ್ಪೆ ತೆಗೆಯುವುದು, ಇಕ್ಕಳ, ಲಟ್ಟಣಿಗೆ, ಮುದ್ದೆ ಕೋಲು, ಕಾಫಿ ಫಿಲ್ಟರ್, ಜರಡಿ. ಮುದ್ದೆ ಕೋಲು ಅಲ್ಲಿ ಯಾರ ಮನೆಯಲ್ಲೂ ಸಿಗಲಿಕ್ಕಿಲ್ಲ. ಬೆಂಕಿಪೊಟ್ಟಣ ಮಂಜಿಗೆ ಮೆತ್ತಗಾಗುತ್ತದೆ, ಗ್ಯಾಸ್ ಲೈಟರ್ ಇಟ್ಟುಕೊಳ್ಳಿ. ಪಾತ್ರೆ ತೊಳೆಯುವ ಸೋಪು, ನಾರು, ನಾಲ್ಕು ಹಳೆಯ ಕಾಟನ್ ಬಟ್ಟೆ ಬೇಕು. ಒಂದು ಬಟ್ಟೆ ಒದ್ದೆಯಾದರೆ ಒಣಗುವುದಿಲ್ಲ, ಅದಕ್ಕೇ ನಾಲ್ಕು. ಹಳೆಯ ನ್ಯೂಸ್ ಪೇಪರ್ ಒಂದು ಕಟ್ಟು ಇರಲಿ. ಸುತ್ತಲಿಕ್ಕೆ, ಹಾಸಲಿಕ್ಕೆ, ಒದ್ದೆ ಶೂ ಒಳಗೆ ತುರುಕಲಿಕ್ಕೆ ಬೇಕಾಗುತ್ತದೆ.

ಗ್ಯಾಸ್ ಸಿಲಿಂಡರನ್ನು ಕಾರಿನಲ್ಲಿ ಒಯ್ಯಬೇಡಿ. ಮುಚ್ಚಿದ ಕಾರಿನಲ್ಲಿ ಅದು ಅಪಾಯ. ರೈಲಿನಲ್ಲಂತೂ ಸಿಲಿಂಡರ್, ಸೀಮೆಎಣ್ಣೆಯಂಥ ಬೆಂಕಿ ಹತ್ತುವ ಸಾಮಾನಿಗೆ ಅವಕಾಶವೇ ಇಲ್ಲ.

7. ಮೊದಲ ರಾತ್ರಿಯ ಚೀಲ

ಇದೊಂದನ್ನು ಮಾಡಿ, ಬೇರೆಲ್ಲ ಮರೆತರೂ ಪರವಾಗಿಲ್ಲ. ಒಂದು ಬೇರೆ ಬಟ್ಟೆ ಚೀಲದಲ್ಲಿ ತಲುಪಿದ ರಾತ್ರಿಗೆ ಬೇಕಾದ್ದನ್ನಷ್ಟೇ ಇಡಿ. ಅಳೆದ ಅರ್ಧ ಕೆಜಿ ಅಕ್ಕಿ, ಗೊಜ್ಜು, ಉಪ್ಪು, ಕಾಫಿಪುಡಿ, ಸಕ್ಕರೆ, ಫಿಲ್ಟರ್, ಲೈಟರ್, ಟಾರ್ಚ್, ಒಂದು ಸೋಪು, ಮಕ್ಕಳ ರಾತ್ರಿ ಬಟ್ಟೆ, ಮಾವನವರ ರಾತ್ರಿ ಮಾತ್ರೆ. ಹಾಲು, ಮೊಸರು ದಾರಿಯಲ್ಲಿ ಕೊಂಡಿದ್ದು ಇದಕ್ಕೇ ಸೇರುತ್ತದೆ. ಕುಕ್ಕರ್ ಇದರ ಪಕ್ಕ. ಬಾಗಿಲು ತೆಗೆದ ತಕ್ಷಣ ಈ ಚೀಲ ಒಳಗೆ ಹೋಗಬೇಕು. ಬೇರೆ ಯಾವ ಚೀಲವನ್ನೂ ಬಿಚ್ಚದೆ ಎಲ್ಲರೂ ಊಟ ಮಾಡಿ ಮಲಗುವ ಹಾಗಿರಬೇಕು.

ಕಳೆದ ಸಲ ನಾವು ತಲುಪಿದಾಗ ಕರೆಂಟ್ ಇರಲಿಲ್ಲ. ಟಾರ್ಚ್ ಬೆಳಕಿನಲ್ಲಿ ಕುಕ್ಕರ್ ಇಟ್ಟು, ನಲವತ್ತು ನಿಮಿಷದಲ್ಲಿ ಊಟ ಮುಗಿಸಿದೆವು. ಅತ್ತೆಯವರು ಕಂಬಳಿ ಹೊದ್ದು ಕಿಟಕಿ ಹತ್ತಿರ ಕಾಫಿ ಲೋಟ ಹಿಡಿದು ಕೂತಿದ್ದರು.

8. ದಾರಿಗೆ, ಚೆಕ್‌ಪೋಸ್ಟಿಗೆ

ನೀಲಗಿರಿ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ನಿಷೇಧ ಬಿಗಿಯಾಗಿದೆ. ಒಂದು ಲೀಟರ್, ಎರಡು ಲೀಟರ್ ನೀರಿನ ಬಾಟಲಿ, ಪ್ಲಾಸ್ಟಿಕ್ ಕೈಚೀಲ, ಒಮ್ಮೆ ಬಳಸಿ ಬಿಸಾಡುವ ಲೋಟ, ತಟ್ಟೆ ಯಾವುದನ್ನೂ ಒಯ್ಯುವ ಹಾಗಿಲ್ಲ. ಬಂಡೀಪುರ ಮುಗಿದು ಕೆಕ್ಕನಹಳ್ಳ ಚೆಕ್‌ಪೋಸ್ಟ್ ಬಂದರೆ ಕಾರು ತಪಾಸಣೆ ಮಾಡುತ್ತಾರೆ, ದಂಡವೂ ಇದೆ. ಹಾಗಾಗಿ ಆರು ಜನಕ್ಕೆ ಆರು ಸ್ಟೀಲ್ ಬಾಟಲಿ ಒಯ್ಯಿರಿ. ದಾರಿಯಲ್ಲಿ ತುಂಬಿಸಿಕೊಳ್ಳಲು ನೀರಿನ ಎಟಿಎಂಗಳನ್ನು ಇಟ್ಟಿದ್ದಾರೆ, ಚಿಲ್ಲರೆ ಇಟ್ಟುಕೊಳ್ಳಿ. ಬೇಳೆ, ರವೆಯನ್ನು ಅಂಗಡಿಯ ಕವರಿನಿಂದ ತೆಗೆದು ಬಟ್ಟೆ ಚೀಲಕ್ಕೋ ಡಬ್ಬಿಗೋ ಹಾಕಿಕೊಂಡರೆ ತಂಟೆ ಇಲ್ಲ. ಹಳೆಯ ತಲೆದಿಂಬಿನ ಕವರುಗಳನ್ನು ಕತ್ತರಿಸಿ ಅತ್ತೆಯವರು ಹೊಲಿದುಕೊಟ್ಟ ಸಣ್ಣ ಚೀಲಗಳು ನಮ್ಮಲ್ಲಿವೆ.

ನೀಲಗಿರಿಗೆ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಇದು ಶುರುವಾಯಿತು. ತಮಿಳುನಾಡು ಸರ್ಕಾರದ ವೆಬ್‌ಸೈಟಿನಲ್ಲಿ ಕಾರಿನ ನಂಬರ್, ಜನ, ದಿನಾಂಕ ಹಾಕಿದರೆ ಪಾಸ್ ಬರುತ್ತದೆ, ದುಡ್ಡು ಕೊಡಬೇಕಿಲ್ಲ. 2025ರ ಬೇಸಿಗೆಯಲ್ಲಿ ದಿನಕ್ಕೆ ಇಷ್ಟೇ ವಾಹನ ಅಂತ ಮಿತಿಯನ್ನೂ ಹಾಕಿದ್ದರು: ವಾರದ ದಿನ 6,000, ಶನಿವಾರ ಭಾನುವಾರ 8,000. ಅದಕ್ಕೇ ಮನೆ ಬುಕ್ ಮಾಡಿದ ದಿನವೇ ಆಗಿನ ನಿಯಮ ನೋಡಿ ಪಾಸ್ ಮಾಡಿಸಿ. ಅದರ ಸ್ಕ್ರೀನ್‌ಶಾಟ್ ಇಬ್ಬರ ಫೋನಿನಲ್ಲಿ ಇರಲಿ, ಕಾಡಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ.

ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಬೆಳಿಗ್ಗೆ ತಿಂಡಿ ಮುಗಿಸಿ ಮೈಸೂರು ಬಿಟ್ಟರೆ ಆರಾಮಾಗಿ ಹೋಗಬಹುದು. ಬಾಳೆಹಣ್ಣು, ಮೊಸರು ಗುಂಡ್ಲುಪೇಟೆಯಲ್ಲಿ ತೆಗೆದುಕೊಳ್ಳಿ. ಆಮೇಲೆ ಕಾಡಿನಲ್ಲಿ ಎಲ್ಲೂ ನಿಲ್ಲಿಸುವ ಹಾಗಿಲ್ಲ. ಮಸಿನಗುಡಿ ಕಡೆಯಿಂದ ಹೋದರೆ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವು. ದೂರ ಕಡಿಮೆ, ಆದರೆ ಬಹಳ ಕಡಿದು. ಕಾರು ತುಂಬ ಸಾಮಾನು, ಹಿಂದೆ ವಾಂತಿ ಮಾಡುವ ಮಕ್ಕಳಿದ್ದರೆ ಗೂಡಲೂರಿನ ದಾರಿಯೇ ಸರಿ. ವಾಂತಿಯ ಮಾತ್ರೆಯನ್ನು ಡಾಕ್ಟರ್ ಕೇಳಿ ಮೊದಲೇ ತಂದಿಡಿ, ಘಾಟಿ ಶುರುವಾಗುವುದಕ್ಕೆ ಒಂದು ಗಂಟೆ ಮೊದಲು ಕೊಡಬೇಕು. ತಿರುವಿನಲ್ಲಿ ಕೊಟ್ಟರೆ ಪ್ರಯೋಜನ ಇಲ್ಲ. ಪೇಪರ್ ಕವರ್, ಒದ್ದೆ ಬಟ್ಟೆ, ನಿಂಬೆಹಣ್ಣು ಮಕ್ಕಳ ಕೈಗೆಟುಕುವ ಹಾಗಿರಲಿ.

ಎಲ್ಲರ ಆಧಾರ್, ಕಾರಿನ ವಿಮೆ, ಹೊಗೆ ತಪಾಸಣೆಯ ಸರ್ಟಿಫಿಕೇಟ್ ಒಂದೇ ಫೈಲಿನಲ್ಲಿ ಇಡಿ. ಸ್ವಲ್ಪ ನಗದು ಬೇಕು.

9. ಬಟ್ಟೆ, ಔಷಧಿ

ಮೇ ತಿಂಗಳಲ್ಲೂ ರಾತ್ರಿ ಚಳಿ ಇರುತ್ತದೆ. ಒಂದು ದಪ್ಪ ಜಾಕೆಟ್‌ಗಿಂತ ಒಂದರ ಮೇಲೊಂದು ಹಾಕುವ ತೆಳು ಬಟ್ಟೆ ಮೇಲು. ಪ್ಯಾಂಟ್, ಶರ್ಟ್ ಕಡಿಮೆ ಮಾಡಿ. ಸಾಕ್ಸ್ ಮತ್ತು ಒಳಬಟ್ಟೆ ಮಾತ್ರ ದಿನಕ್ಕೊಂದರಂತೆ, ಮೇಲೆ ಎರಡು ಜೊತೆ. ಒಗೆದರೆ ಒಣಗುತ್ತದೆ ಅಂತ ನಂಬಬೇಡಿ. ಕೊಡೆ, ಮಳೆ ಕೋಟು, ಮನೆಯೊಳಗೆ ಹಾಕಲು ಚಪ್ಪಲಿ. ಹಿರಿಯರಿಗೆ ಕಿವಿ ಮುಚ್ಚುವ ಟೋಪಿ ಮತ್ತು ಬಿಸಿನೀರಿನ ರಬ್ಬರ್ ಚೀಲ. ಆ ಚೀಲವನ್ನು ಮಲಗುವ ಹತ್ತು ನಿಮಿಷ ಮೊದಲು ರಜಾಯಿಯೊಳಗೆ ಇಟ್ಟರೆ ಹಾಸಿಗೆ ಬೆಚ್ಚಗಿರುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಚಳಿ ಅಂತ ಇದ್ದಿಲು ಒಲೆಯನ್ನು ಮಲಗುವ ಕೋಣೆಗೆ ತರಬೇಡಿ. ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಹೊರಗೆ ಅಂಗಳದಲ್ಲಿ ಬೆಂಕಿ ಕಾಯಿಸಿ, ಒಳಗೆ ರಜಾಯಿ ಹೊದೆಯಿರಿ.

ಔಷಧಿಯಲ್ಲಿ ದಿನನಿತ್ಯದ ಮಾತ್ರೆ ಎರಡು ದಿನಕ್ಕೆ ಜಾಸ್ತಿ ಇರಲಿ, ಚೀಟಿಯ ಫೋಟೋ ಫೋನಿನಲ್ಲಿರಲಿ. ಇನ್ಸುಲಿನ್ ಇದ್ದರೆ ಡಿಕ್ಕಿಯಲ್ಲಿ ಹಾಕಬೇಡಿ, ಕೈಚೀಲದಲ್ಲಿ ಇಡಿ. ಐಸ್‌ಗೆ ನೇರವಾಗಿ ತಾಗಿಸಬೇಡಿ, ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬರುವುದಿಲ್ಲ. ಪ್ಯಾರಸಿಟಮಾಲ್, ಓಆರ್‌ಎಸ್ ಪೊಟ್ಟಣ, ಸುಟ್ಟ ಗಾಯದ ಮುಲಾಮು, ಬ್ಯಾಂಡೇಜ್ ಸಾಕು. ಹೊಸ ಒಲೆಯ ಮುಂದೆ ಕೈ ಸುಟ್ಟುಕೊಳ್ಳುವುದು ಸುಲಭ, ಮುಲಾಮು ಮರೆಯಬೇಡಿ. ಓಆರ್‌ಎಸ್ ಮುಗಿದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಸಮತಟ್ಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ ಕೊಡಿ.

ಮಕ್ಕಳಿಗೆ ಚೌಕಾಬಾರದ ಕವಡೆ ಒಯ್ಯಿರಿ. ಮಂಜು ಇಳಿದ ಸಂಜೆಗೆ ಅದು ಬೇಕಾಗುತ್ತದೆ.

10. ಕಾರಿಗೆ ತುಂಬುವುದು, ವಾಪಸ್ ಬರುವುದು

ಅಕ್ಕಿ, ಕುಕ್ಕರ್, ಎಣ್ಣೆಯಂಥ ಭಾರದ್ದು ಡಿಕ್ಕಿಯ ಕೆಳಗೆ, ಸೀಟಿಗೆ ಒತ್ತಿಕೊಂಡು ಇರಲಿ. ಎಣ್ಣೆ ಬಾಟಲಿ ಬಕೆಟ್ಟಿನೊಳಗೆ ನಿಲ್ಲಬೇಕು. ಬಟ್ಟೆ ಚೀಲ ಮೇಲೆ. ಮೊದಲ ರಾತ್ರಿಯ ಚೀಲ ಎಲ್ಲದಕ್ಕಿಂತ ಕೊನೆಗೆ ಹೋಗಲಿ. ಹಿಂದಿನ ಗಾಜು ಮುಚ್ಚುವ ಹಾಗೆ ತುಂಬಬೇಡಿ, ಘಾಟಿಯಲ್ಲಿ ಓಡಿಸುವವರಿಗೆ ಹಿಂದೆ ಕಾಣಬೇಕು.

ಆ ಮನೆಯಲ್ಲಿ ಅಡುಗೆಮನೆ ಕಿಟಕಿ ತೆರೆದಿಟ್ಟು ಹೊರಗೆ ಹೋಗಬೇಡಿ, ಕೋತಿ ಒಳಗೆ ಬರುತ್ತದೆ. ತರಕಾರಿ ಸಿಪ್ಪೆ, ಮಿಕ್ಕ ಅನ್ನವನ್ನು ರಾತ್ರಿ ಹಿತ್ತಲಲ್ಲಿ ಹಾಕಬೇಡಿ. ಕೂನೂರು, ಕೋಟಗಿರಿ ಕಡೆ ಕರಡಿ, ಕಾಡೆಮ್ಮೆ ಊರೊಳಗೇ ಓಡಾಡುತ್ತವೆ. ಊಟದ ವಾಸನೆಗೆ ಕರಡಿ ಮನೆ ಬಾಗಿಲಿಗೆ ಬಂದರೆ ನಮಗೂ ಕಷ್ಟ, ಅದಕ್ಕೂ ಕಷ್ಟ. ಮುಚ್ಚಳ ಗಟ್ಟಿ ಇರುವ ಒಂದು ಹಳೆಯ ಡಬ್ಬಿಯನ್ನು ಹಸಿ ಕಸಕ್ಕೆಂದೇ ಮನೆಯಿಂದ ಒಯ್ಯಿರಿ. ರಾತ್ರಿ ಒಳಗಿಟ್ಟು, ಬೆಳಿಗ್ಗೆ ಕಸದವರು ಬಂದಾಗ ಕೊಡಿ.

ಹೊರಡುವ ಬೆಳಿಗ್ಗೆ ಮಿಕ್ಕ ಅಕ್ಕಿ, ಬೇಳೆ, ಎಣ್ಣೆಯನ್ನು ಪಾತ್ರೆ ತೊಳೆದುಕೊಟ್ಟವರಿಗೆ ಕೊಟ್ಟುಬಿಡಿ, ಬೇಕಾ ಅಂತ ಕೇಳಿಯೇ ಕೊಡಿ. ಖಾಲಿಯಾದ ಡಬ್ಬಿಗಳಲ್ಲಿ ಊಟಿ ವರ್ಕಿ (ಅಲ್ಲಿಯ ಗರಿಗರಿ ಬಿಸ್ಕತ್ತು) ತುಂಬಿಕೊಂಡು ಬನ್ನಿ, ಪೊಟ್ಟಣದಲ್ಲಿ ತಂದರೆ ಮೈಸೂರು ಸೇರುವಷ್ಟರಲ್ಲಿ ಪುಡಿಯಾಗಿರುತ್ತದೆ.

ಊಟದ ಹಾಳೆಯನ್ನು ಬಿಸಾಡಬೇಡಿ. ಮನೆಗೆ ಬಂದ ರಾತ್ರಿಯೇ ಯಾವುದು ಕಡಿಮೆ ಬಿತ್ತು, ಯಾವುದು ಬಿಚ್ಚದೆ ವಾಪಸ್ ಬಂತು ಅಂತ ಅದರ ಹಿಂದೆ ಬರೆದಿಡಿ. ನಮ್ಮ ಹಾಳೆ ಒಗ್ಗರಣೆ ಡಬ್ಬಿಯ ಕಪಾಟಿನ ಬಾಗಿಲ ಒಳಗೆ ಅಂಟಿದೆ. ಕಳೆದ ಸಲದ ಟಿಪ್ಪಣಿ ಅತ್ತೆಯವರ ಕೈಬರಹದಲ್ಲಿದೆ: "ಹಪ್ಪಳ ಸಾಲಲಿಲ್ಲ. ಮುಂದಿನ ಸಲ ಇನ್ನೊಂದು ದಿನ ಇರೋಣ."